ಕುಟ್ಟು ಗಿಡದ ತುಂಬ ಹೂವು, ಕಾಳೆಲ್ಲ ಜೊಳ್ಳು: ಹಾಸನದ ಕಡೆ ಯಾವಾಗ ಬಿತ್ತಬೇಕು?

ಆಲೂರು_ಹಿತ್ತಲು:
ಎಲ್ಲರಿಗೂ ನಮಸ್ಕಾರ. ಹಿತ್ತಲಲ್ಲಿ 30 ಅಡಿ ಉದ್ದ, 20 ಅಡಿ ಅಗಲದ ಮಡಿಗೆ ಕುಟ್ಟು, ಅಂದ್ರೆ ಬಕ್‌ವೀಟ್ ಹಾಕಿದೀನಿ. ಲೆಕ್ಕ ಪೂರ್ತಿ ಕೊಡ್ತೀನಿ, ಎಲ್ಲಿ ತಪ್ಪಿದೆ ಹೇಳಿ.

ಬಿತ್ತಿದ್ದು ಫೆಬ್ರವರಿ ಕೊನೇ ವಾರ. ಬೀಜ 300 ಗ್ರಾಂ. ಬಿತ್ತೋ ಮುಂಚೆ ಕೋಳಿ ಗೊಬ್ಬರ 3 ಬುಟ್ಟಿ. ನೀರು ಎರಡು ದಿನಕ್ಕೊಂದು ಸಲ. 4ನೇ ದಿನ ಮೊಳಕೆ, 34ನೇ ದಿನ ಹೂವು. ಗಿಡ ಎದೆಮಟ್ಟ ಬಂದು ಅರ್ಧ ಮಡಿ ಮಲಗಿದೆ. ಈಗ 65 ದಿನ. ಹೂವು ಇನ್ನೂ ಬರ್ತಾನೇ ಇದೆ, ಆದ್ರೆ ಕಾಳು ಕಿತ್ತು ಉಗುರಲ್ಲಿ ಒತ್ತಿದ್ರೆ ಮೂರು ಮೂಲೆ ಸಿಪ್ಪೆ ಮಾತ್ರ, ಒಳಗೆ ಗಾಳಿ. ಹತ್ತರಲ್ಲಿ ಒಂದು ಗಟ್ಟಿ ಸಿಕ್ರೆ ಹೆಚ್ಚು.

ನಮ್ಮ ಕಡೆ ಇದು ಆಗೋದೇ ಇಲ್ವಾ, ಅಥವಾ ಕ್ರಮ ತಪ್ಪಿತಾ? ಜೊತೆಗೆ ಇನ್ನೆರಡು ಪ್ರಶ್ನೆ: ಮನೆಯಲ್ಲೇ ಸಿಪ್ಪೆ ತೆಗೆಯೋದು ಹೇಗೆ? ರೊಟ್ಟಿ ಬಿಟ್ಟು ಬೇರೆ ಏನು ಅಡುಗೆ ಆಗುತ್ತೆ?

ಬೇಲೂರು_ಮಡಿ:
ತಪ್ಪಿರೋದು ತಿಂಗಳು. ಫೆಬ್ರವರಿ ಕೊನೆಗೆ ಬಿತ್ತಿದ್ರೆ ಹೂವು ಏಪ್ರಿಲ್ ಬಿಸಿಲಿಗೆ ಸಿಕ್ಕುತ್ತೆ. 30 ಡಿಗ್ರಿ ದಾಟಿದ್ರೆ ಕುಟ್ಟು ಹೂವು ಸುಟ್ಟ ಹಾಗೆ ಆಗುತ್ತೆ, ಕಟ್ಟಿದ ಕಾಳೂ ತುಂಬಲ್ಲ. ಏಪ್ರಿಲ್‌ನಲ್ಲಿ ಹಾಸನದಲ್ಲಿ ಮಧ್ಯಾಹ್ನ 33-34 ಇರುತ್ತೆ. ಗಿಡದ ತಪ್ಪಲ್ಲ.

ಜೇನುಗೂಡು_ಮೂಡಿಗೆರೆ:
ಬಿಸಿಲು ಒಂದು ಕಾರಣ, ಒಪ್ತೀನಿ. ಆದ್ರೆ ಮೊದಲು ಕೇಳಬೇಕಾದ್ದು ಜೇನು ಬರ್ತಿತ್ತಾ ಅಂತ. ಕುಟ್ಟು ಗಿಡದಲ್ಲಿ ಎರಡು ಜಾತಿ ಹೂವಿದೆ. ಕೆಲವು ಗಿಡದಲ್ಲಿ ಶಲಾಕೆ (ಹೂವಿನ ಹೆಣ್ಣು ಭಾಗ) ಉದ್ದ, ಕೇಸರ (ಪರಾಗ ಇರೋ ಗಂಡು ಭಾಗ) ಗಿಡ್ಡ. ಉಳಿದ ಗಿಡದಲ್ಲಿ ಕೇಸರ ಉದ್ದ, ಶಲಾಕೆ ಗಿಡ್ಡ. ಬಿತ್ತಿದ ಬೀಜದಲ್ಲಿ ಎರಡೂ ಹೆಚ್ಚುಕಮ್ಮಿ ಸಮಸಮ ಬರುತ್ತೆ. ಈ ಗಿಡದ ಪರಾಗ ಆ ಗಿಡಕ್ಕೆ ಹೋಗಲೇಬೇಕು, ತನ್ನ ಪರಾಗ ತನಗೆ ಕೂಡಲ್ಲ. ಒಂದೊಂದು ಹೂವು ಅರಳಿರೋದು ಒಂದೇ ದಿನ. ಆ ದಿನ ಬೆಳಗ್ಗೆ ಜೇನು ಬರದಿದ್ರೆ ಆ ಹೂವಿನ ಕಥೆ ಮುಗೀತು.

ಬೆಳಗ್ಗೆ ಎಂಟು ಗಂಟೆಗೆ ಒಂದು ಹೂವು ಕಿತ್ತು ಬಿಸಿಲಿಗೆ ಹಿಡಿದು ನೋಡಿ. ಐದು ಬಿಳಿ ಎಸಳು, ಎಂಟು ಕೇಸರ, ಕೇಸರಗಳ ಬುಡದ ಸಂದಿಯಲ್ಲಿ ಎಂಟು ಹಳದಿ ಚುಕ್ಕೆ. ಆ ಚುಕ್ಕೆ ಮೇಲೆ ಮಿಣಮಿಣ ಅನ್ನೋದು ಮಕರಂದ. ಮಧ್ಯಾಹ್ನ ಅದೇ ಗಿಡದ ಹೂವು ನೋಡಿದ್ರೆ ಆ ಹೊಳಪು ಹೋಗಿರುತ್ತೆ, ತುಡುವೆ, ಅಂದ್ರೆ ಪೆಟ್ಟಿಗೆಯಲ್ಲಿ ಸಾಕೋ ಜೇನು, ಅದೂ ಹೊರಟು ಹೋಗಿರುತ್ತೆ.

ಬೇಲೂರು_ಮಡಿ:
ಜೇನು ಬರದೇ ಇದ್ದಿದ್ರೆ ಸಿಪ್ಪೆಯೇ ಬೆಳೀತಿರಲಿಲ್ಲ ಸಾರ್. ಪರಾಗ ಸಿಗದ ಹೂವು ಒಣಗಿ ಉದುರುತ್ತೆ ಅಷ್ಟೇ. ಅವರು ಬರೆದಿರೋದು ನೋಡಿ, ಮೂರು ಮೂಲೆ ಸಿಪ್ಪೆ ಪೂರ್ತಿ ಬಂದಿದೆ, ಒಳಗೆ ಮಾತ್ರ ಖಾಲಿ. ಅಂದ್ರೆ ಕೂಡಿಕೊಂಡಿದೆ, ಆಮೇಲೆ ತುಂಬೋ ಹೊತ್ತಿಗೆ ಕೈಕೊಟ್ಟಿದೆ. ಅದು ಬಿಸಿಲು, ಇಲ್ಲಾ ಹೂವಿನ ಹೊತ್ತಲ್ಲಿ ಬೇರಿಗೆ ನೀರು ಸಾಲದಿರೋದು. ಎರಡು ದಿನಕ್ಕೊಮ್ಮೆ ನೀರು ಕೊಟ್ಟಿದಾರೆ ಅಂದ ಮೇಲೆ ಉಳಿದಿದ್ದು ಬಿಸಿಲೇ.

ಜೇನುಗೂಡು_ಮೂಡಿಗೆರೆ:
ಆ ಗುರುತು ಸರಿ. ಈ ಮಡಿ ಮಟ್ಟಿಗೆ ಒಪ್ಪಿದೆ. ಆದ್ರೂ ಮುಂದಿನ ಸಲ ಹೂವಿಗೆ ಮುಂಚೆ ಮಡಿ ಹತ್ತಿರ ಒಂದು ತುಡುವೆ ಪೆಟ್ಟಿಗೆ ಇಟ್ಟುಕೊಳ್ಳಿ, ಕಾಳಿನ ಲೆಕ್ಕ ಬದಲಾಗುತ್ತೆ.

ಕಣಜ:
ಮೂರನೇ ಕಾರಣ ಯಾರೂ ಹೇಳ್ತಿಲ್ಲ. 600 ಚದರ ಅಡಿಗೆ 3 ಬುಟ್ಟಿ ಕೋಳಿ ಗೊಬ್ಬರ! ಕೋಳಿ ಗೊಬ್ಬರದಲ್ಲಿ ಸಾರಜನಕ ಜಾಸ್ತಿ. ಕುಟ್ಟಿಗೆ ಸಾರಜನಕ ಹೆಚ್ಚಾದ್ರೆ ಸೊಪ್ಪು ಸೊಪ್ಪಾಗಿ ಮೇಲೇಳುತ್ತೆ, ಹೂವು ಬಿಡೋದು ನಿಲ್ಲೋದೇ ಇಲ್ಲ, ಕಾಳಿಗೆ ಹೋಗಬೇಕಾದ ಸತ್ವ ಕಾಂಡಕ್ಕೆ ಹೋಗುತ್ತೆ. ಕಾಂಡ ಮೊದಲೇ ಟೊಳ್ಳು, ನೀರು ತುಂಬಿದ ಕಾಂಡ. ಒಂದು ಜೋರು ಗಾಳಿಗೆ ಮಲಗುತ್ತೆ, ಮಲಗಿದ್ದು ಮತ್ತೆ ಏಳಲ್ಲ. ನಿಮ್ಮ ಗಿಡ ಎದೆಮಟ್ಟ ಬಂದಿದೆ ಅಂದಾಗಲೇ ಗೊತ್ತಾಯ್ತು. ಸೊಂಟದ ಕೆಳಗೇ ನಿಲ್ಲಬೇಕು ಅದು.

ಆಲೂಗಡ್ಡೆ ಕಿತ್ತ ನೆಲ ಇದ್ರೆ ಗೊಬ್ಬರವೇ ಬೇಡ. ಗಡ್ಡೆಗೆ ಹಾಕಿದ್ದರಲ್ಲಿ ಉಳಿದಿರೋದೇ ಸಾಕು. ಬಡ ನೆಲ ಆದ್ರೆ ಒಂದು ಗುಂಟೆಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎರಡು ಮೂರು ಬುಟ್ಟಿ, ಒಲೆ ಬೂದಿ 2 ಕಿಲೋ. ಯೂರಿಯಾ ಮುಟ್ಟಲೇ ಬೇಡಿ.

ಆಲೂರು_ಹಿತ್ತಲು:
ಮೂರೂ ಬರ್ಕೊಂಡೆ. ಹಾಗಾದ್ರೆ ಯಾವಾಗ ಬಿತ್ತಬೇಕು? ಮಳೆ ಹೆಸರಲ್ಲಿ ಹೇಳಿದ್ರೆ ಇನ್ನೂ ಒಳ್ಳೇದು.

ಬೇಲೂರು_ಮಡಿ:
ಹಸ್ತೆ ಮಳೆ ಕೊನೆಯಿಂದ ಚಿತ್ತೆ ನಡುವೆ, ಅಂದ್ರೆ ಅಕ್ಟೋಬರ್ 5ರಿಂದ 20. ಹಾಸನ, ಆಲೂರು, ಬೇಲೂರು, ಅರಕಲಗೂಡಿಗೆ ಇದೇ ಸರಿ. ಹೂವು ನವೆಂಬರ್ ಎರಡನೇ ವಾರದಿಂದ ಶುರುವಾಗುತ್ತೆ. ಆಗ ಹಗಲು 27ರ ಆಸುಪಾಸು, ರಾತ್ರಿ 16-17. ಕುಟ್ಟಿಗೆ ಬೇಕಾಗಿರೋದು ಇದೇ ಹವೆ. ಡಿಸೆಂಬರ್ ಕೊನೆಗೆ ಕೊಯ್ಲು, ರಾಗಿ ಕಣ ನಡೆಯೋ ಹೊತ್ತಿಗೆ ಇದೂ ಕಣಕ್ಕೆ ಬರುತ್ತೆ.

ಒಂದು ವಿಷಯ ಗಮನದಲ್ಲಿಡಿ. ಹಗಲು ಗಿಡ್ಡ ಆಗ್ತಾ ಹೋಗೋ ಕಾಲದಲ್ಲಿ ಕುಟ್ಟು ಬೇಗ ಹೂವು ಬಿಡುತ್ತೆ, ಗಿಡ ಅಷ್ಟು ಕವಲೊಡೆಯಲ್ಲ. ಹಾಗಾಗಿ ತೆಳ್ಳಗೆ ಬಿತ್ತಿದ್ರೆ ನೆಲ ಖಾಲಿ ಕಾಣುತ್ತೆ. ಗುಂಟೆಗೆ ಅರ್ಧ ಕಿಲೋ ಬೀಜ ಲೆಕ್ಕ. ನಿಮ್ಮ ಮಡಿ ಅರ್ಧ ಗುಂಟೆಗಿಂತ ಸ್ವಲ್ಪ ಹೆಚ್ಚು, 275 ಗ್ರಾಂ ಸಾಕು. ಒಂದು ಅಡಿಗೊಂದು ಗೀರು ಎಳೆದು, ಒಂದು ಅಂಗುಲ ಆಳಕ್ಕೆ ಉದುರಿಸಿ ಮಣ್ಣು ಮುಚ್ಚಿ. ಗೀರಲ್ಲಿ ಎರಡು ಬೀಜದ ನಡುವೆ ಒಂದು ಅಂಗುಲಕ್ಕಿಂತ ಸ್ವಲ್ಪ ಕಮ್ಮಿ ಬಿಡುವು ಬರುತ್ತೆ, ಸರಿಯಾಗಿದೆ.

ಗಿರಿಯಂಚು_ಚಿಕ್ಕಮಗಳೂರು:
ಈ ದಿನಾಂಕ ಎಲ್ಲರಿಗೂ ಹೊಂದಲ್ಲ. ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಅಕ್ಟೋಬರ್ ಮೊದಲಲ್ಲೂ ನೆಲ ಜೌಗಾಗಿರುತ್ತೆ. ನೀರು ನಿಂತ ಜಾಗದಲ್ಲಿ ಕುಟ್ಟು ಸಸಿ ಎರಡೇ ದಿನಕ್ಕೆ ಹಳದಿಯಾಗಿ ಬುಡ ಕೊಳೆಯುತ್ತೆ. ಅಲ್ಲಿ ಅಕ್ಟೋಬರ್ 20 ಆದ ಮೇಲೆ, ಅರ್ಧ ಅಡಿ ಎತ್ತರದ ಏರುಮಡಿಯಲ್ಲಿ ಬಿತ್ತಿ. ಕಡೂರು, ಅರಸೀಕೆರೆ ಕಡೆ ಉಲ್ಟಾ: ಹಸ್ತೆ ಹಸಿ ಇರುವಾಗಲೇ ಬಿತ್ತಿಬಿಡಬೇಕು, ಆಮೇಲೆ ನೆಲ ಬಿಗಿದುಕೊಳ್ಳುತ್ತೆ. ಬಿತ್ತಿದ ಮೇಲೆ ಜಡಿಮಳೆ ಬಂದು ಮೇಲ್ಮಣ್ಣು ಹೆಪ್ಪುಗಟ್ಟಿದ್ರೆ ಕೈ ಕುಂಟೆಯಲ್ಲಿ ಮೇಲೆ ಮೇಲೆ ಕೆದಕಿ. ಮೊಳಕೆಗೆ ಹೆಪ್ಪು ಒಡೆಯೋ ಶಕ್ತಿ ಇಲ್ಲ.

ನಮ್ಮ ಕಾಫಿ ಸೀಮೆ ಮಣ್ಣು ಹುಳಿ ಅಂತ ಹೆದರಬೇಡಿ. ರಸಸಾರ, ಅಂದ್ರೆ ಪಿಎಚ್, 5ಕ್ಕೆ ಇಳಿದರೂ ಕುಟ್ಟು ತಡೆಯುತ್ತೆ. ಸುಣ್ಣ ಹಾಕೋ ಅಗತ್ಯ ಇಲ್ಲ.

ಕಾಫಿ_ಸಾಲು:
ಹಾಗಾದ್ರೆ ಕಾಫಿ ಗಿಡದ ನಡುವೆ ಹಾಕಬಹುದಾ?

ಗಿರಿಯಂಚು_ಚಿಕ್ಕಮಗಳೂರು:
ಸಿಲ್ವರ್ ಓಕ್, ಹಲಸಿನ ನೆರಳಲ್ಲಿ ಬೇಡ. ಗಿಡ ಸಣಕಲಾಗಿ ನೆಲಕ್ಕೆ ಒರಗುತ್ತೆ, ಕಾಳಿಲ್ಲ. ಹೊಸದಾಗಿ ನೆಟ್ಟ ಒಂದು ವರ್ಷದ ಕಾಫಿ ಸಾಲಲ್ಲಿ ಪೂರ್ತಿ ಬಿಸಿಲು ಬೀಳ್ತಿದ್ರೆ ಹಾಕಿ, ಆದ್ರೆ ಕಾಳಿಗಲ್ಲ, ಹಸಿರು ಗೊಬ್ಬರಕ್ಕೆ. ಹೂವು ಬಿಟ್ಟು ವಾರಕ್ಕೆ ಕೊಯ್ದು ಬುಡಕ್ಕೆ ಹಾಸಿ. ಕಳೆ ಅದುಮೋಕೆ ಇದರಷ್ಟು ಚುರುಕಿನ ಗಿಡ ಕಮ್ಮಿ. ಮೂರೇ ವಾರಕ್ಕೆ ಅಗಲ ಎಲೆ ನೆಲ ಮುಚ್ಚುತ್ತೆ.

ಹೊಸಬ_ಕಡೂರು:
ನಾನು ಇದನ್ನ ಹುರುಳಿ ಅಂದ್ಕೊಂಡಿದ್ದೆ. ಎರಡು ಮೂರು ಕಡೆ ಬಕ್‌ವೀಟ್ ಅಂದ್ರೆ ಹುರುಳಿ ಅಂತಲೇ ಬರೆದಿದಾರಲ್ಲ?

ಕಣಜ:
ತಪ್ಪು, ದಯವಿಟ್ಟು ಅದನ್ನ ನಂಬಬೇಡಿ. ಹುರುಳಿ ದ್ವಿದಳ, ಬಳ್ಳಿಯಲ್ಲಿ ಕಾಯಿ ಬಿಡುತ್ತೆ. ಕುಟ್ಟು ಗೋಧಿಯೂ ಅಲ್ಲ, ಹುಲ್ಲಿನ ಜಾತಿಯೇ ಅಲ್ಲ. ಚುಕ್ಕೆ ಸೊಪ್ಪಿನ ಕುಟುಂಬದ್ದು. ಎಲೆ ಹೃದಯದಾಕಾರ, ಕಾಂಡ ಕೆಂಪು, ಕಾಳಿಗೆ ಮೂರು ಏಣು. ಹುರುಳಿ ಕಟ್ಟಿನ ಸಾರಿನ ಅಳತೆ ಇಟ್ಕೊಂಡು ಕುಟ್ಟು ಬೇಯಿಸಿದ್ರೆ ಅಂಟಿನ ಮುದ್ದೆ ಆಗುತ್ತೆ. ಕನ್ನಡದಲ್ಲಿ ಇದಕ್ಕೆ ಬಳಕೆಯ ಹೆಸರಿಲ್ಲ, ಹಿಂದಿಯ ಕುಟ್ಟು ಅನ್ನೋದೇ ಅಂಗಡಿಯಲ್ಲಿ ನಡೆಯುತ್ತೆ.

ಅರಸೀಕೆರೆ_ತೆಂಗು:
ದಕ್ಷಿಣದಲ್ಲಿ ಇದು ತೀರ ಹೊಸದೇನಲ್ಲ. ನೀಲಗಿರಿ, ಪಳನಿ ಬೆಟ್ಟದಲ್ಲೂ ಅಲ್ಲಲ್ಲಿ ಬೆಳೆದಿದಾರೆ. ಹೆಚ್ಚಿಗೆ ಇರೋದು ಹಿಮಾಚಲ, ಉತ್ತರಾಖಂಡ, ಲಡಾಖ್, ಸಿಕ್ಕಿಂ ಕಡೆ.

ಬೀಜ ತರಿಸೋರು ಕೇಳಿ ತರಿಸಿ, ಎರಡು ಜಾತಿ ಇದೆ. ಸಾಮಾನ್ಯ ಕುಟ್ಟು ಒಂದು: ಹೂವು ಬಿಳಿ ಅಥವಾ ತಿಳಿಗುಲಾಬಿ, ಕಾಳು ನುಣುಪು, ಏಣು ಚೂಪು. ಇನ್ನೊಂದು ಕಹಿ ಕುಟ್ಟು, ಟಾರ್ಟರಿ ಅಂತಾರೆ: ಹೂವು ಸಣ್ಣದು, ಹಸಿರು, ವಾಸನೆ ಇಲ್ಲ. ಕಾಳು ಒರಟು, ಮೈಮೇಲೆ ಗೀರು. ಕಹಿ ಕುಟ್ಟಿಗೆ ಜೇನು ಬೇಕಿಲ್ಲ, ತಾನೇ ಕೂಡಿಕೊಳ್ಳುತ್ತೆ. ಆದ್ರೆ ಹೆಸರೇ ಹೇಳೋ ಹಾಗೆ ಹಿಟ್ಟು ಕಹಿ. ಮನೆ ಅಡುಗೆಗೆ ಸಾಮಾನ್ಯ ಕುಟ್ಟೇ ಇರಲಿ. ಅಲ್ಮೋರಾದ ವಿವೇಕಾನಂದ ಪರ್ವತ ಕೃಷಿ ಸಂಶೋಧನಾ ಸಂಸ್ಥೆಯವರ ವಿಎಲ್ ಉಗಲ್ 7 ಅನ್ನೋ ತಳಿ ಆ ಜಾತಿಯದು.

ಹೊಸಬ_ಕಡೂರು:
ದಿನಸಿ ಅಂಗಡಿಯ ಕುಟ್ಟು ತಂದು ಬಿತ್ತಬಹುದಾ?

ಅರಸೀಕೆರೆ_ತೆಂಗು:
ಅಲ್ಲಿ ಸಿಗೋದು ಸಿಪ್ಪೆ ತೆಗೆದದ್ದು. ಹುರಿದು ಕಂದಾಗಿದ್ರೆ ಸತ್ತ ಕಾಳು. ಹಸಿರು ಛಾಯೆಯ ಹಸಿ ಕಾಳು ಮೊಳೆತರೂ ನೆಲದಲ್ಲಿ ಬೇಗ ಕೊಳೆಯುತ್ತೆ. ಸಿಪ್ಪೆ ಇರೋ ಬೀಜವೇ ಬೇಕು, ಹಿಂದಿನ ವರ್ಷದ್ದೇ ಆಗಿರಬೇಕು. ಎರಡು ವರ್ಷ ದಾಟಿದ್ರೆ ಮೊಳಕೆ ಬಹಳ ಇಳಿಯುತ್ತೆ. ತಂದ ದಿನವೇ 50 ಕಾಳು ಒದ್ದೆ ಗೋಣಿಯಲ್ಲಿ ಸುತ್ತಿಡಿ, 5 ದಿನಕ್ಕೆ 40 ಮೊಳೆತರೆ ಬಿತ್ತಿ.

ಜೇನುಗೂಡು_ಮೂಡಿಗೆರೆ:
ಕುಟ್ಟು ಹೂವಿನ ಜೇನುತುಪ್ಪ ಜೋನಿಬೆಲ್ಲದಷ್ಟು ಕಪ್ಪು, ವಾಸನೆ ಗಾಢ. ಹುಚ್ಚೆಳ್ಳು ಅರಳೋ ಕಾಲಕ್ಕೇ ಇದೂ ಅರಳೋದ್ರಿಂದ ಪೆಟ್ಟಿಗೆಗೆ ಒಳ್ಳೇ ಮೇವು.

ಬೇಲೂರು_ಮಡಿ:
ಅರ್ಧ ಗುಂಟೆಗೆ ಕುಟ್ಟು ಜೇನು ಅಂತ ಬೇರೆ ಸಿಗಲ್ಲ, ಅದನ್ನೂ ಹೇಳಿ. ತುಡುವೆ ಅರ್ಧ ಮೈಲಿ ಸುತ್ತುತ್ತೆ, ಎಲ್ಲ ಹೂವೂ ಸೇರುತ್ತೆ.

ಜೇನುಗೂಡು_ಮೂಡಿಗೆರೆ:
ನಿಜ. ಪೆಟ್ಟಿಗೆ ಇಡೋದು ಕಾಳಿಗೋಸ್ಕರ. ಆದ್ರೂ ನಿರೀಕ್ಷೆ ಮಿತಿಯಲ್ಲಿರಲಿ, ಎಷ್ಟೇ ಜೇನಿದ್ರೂ ನೂರು ಹೂವಲ್ಲಿ ಹತ್ತಿಪ್ಪತ್ತು ಕಾಳು ಕಟ್ಟೋದೇ ಈ ಗಿಡದ ಸ್ವಭಾವ.

ಆಲೂರು_ಹಿತ್ತಲು:
ಅಂದಾಜು ಎಷ್ಟು ಕಾಳು ನಿರೀಕ್ಷೆ ಮಾಡಲಿ?

ಕಣಜ:
ಎಲ್ಲ ಸರಿ ಬಂದ್ರೆ ಗುಂಟೆಗೆ 6ರಿಂದ 10 ಕಿಲೋ, ಸಿಪ್ಪೆ ಸಮೇತ. ನಿಮ್ಮ ಮಡಿಗೆ 3ರಿಂದ 5. ಸಿಪ್ಪೆ ಹೋದ್ರೆ ಕಿಲೋಗೆ 650-700 ಗ್ರಾಂ ಉಳಿಯುತ್ತೆ.

ಕೊಯ್ಲಲ್ಲಿ ಹೆಚ್ಚಿನವರು ಸೋಲ್ತಾರೆ, ಅದಕ್ಕೆ ಬಿಡಿಸಿ ಹೇಳ್ತೀನಿ. ರಾಗಿ ತರ ಗಿಡ ಒಣಗಲಿ ಅಂತ ಕಾಯಬೇಡಿ. ಕುಟ್ಟು ಒಂದೇ ಸಲ ಮಾಗಲ್ಲ. ಕೆಳಗೆ ಕಪ್ಪು ಕಾಳು, ನಡುವೆ ಹಸಿರು ಕಾಳು, ತುದಿಯಲ್ಲಿ ಹೂವು, ಮೂರೂ ಒಂದೇ ಗಿಡದಲ್ಲಿ. ಕಾಂಡ ಕೊನೆವರೆಗೂ ಹಸಿಯಾಗಿ ರಸ ತುಂಬಿಕೊಂಡೇ ಇರುತ್ತೆ. ಅದು ಒಣಗೋವರೆಗೆ ಬಿಟ್ರೆ ಮೊದಲು ಮಾಗಿದ ದಪ್ಪ ಕಾಳೆಲ್ಲ ನೆಲದ ಪಾಲು. ನಾಲ್ಕರಲ್ಲಿ ಮೂರು ಭಾಗ ಕಾಳು ಕಂದು ಆದ ದಿನವೇ ಕೊಯ್ಯಬೇಕು, ತುದಿಯ ಹೂವಿನ ಆಸೆ ಬಿಟ್ಟುಬಿಡಿ.

ಕೊಯ್ಯೋದು ಬೆಳಗಿನ ಇಬ್ಬನಿ ಇರುವಾಗ. ಬಿಸಿಲೇರಿದ ಮೇಲೆ ಕುಡುಗೋಲು ತಾಗಿದ್ರೆ ಕಾಳು ಚೆಲ್ಲುತ್ತೆ. ತೋಳು ಗಾತ್ರದ ಸಣ್ಣ ಸಿವುಡು ಕಟ್ಟಿ, ಟಾರ್ಪಾಲಿನ ಮೇಲೆ ತೆನೆ ಮೇಲಾಗಿ ಒಂದಕ್ಕೊಂದು ಒರಗಿಸಿ ನಿಲ್ಲಿಸಿ. 7-8 ದಿನ ಬಿಡಿ. ಹಸಿರು ಕಾಳಲ್ಲೂ ಸ್ವಲ್ಪ ಆಗಲೇ ಮಾಗಿಕೊಳ್ಳುತ್ತೆ. ಡಿಸೆಂಬರ್‌ನಲ್ಲಿ ಚಂಡಮಾರುತದ ಮಳೆ ಮುನ್ಸೂಚನೆ ಇದ್ರೆ ಕೊಟ್ಟಿಗೆ ಮಾಡಿನ ಕೆಳಗೆ ತನ್ನಿ, ಒದ್ದೆಯಾದ ಸಿವುಡಲ್ಲಿ ಕಾಳು ಅಲ್ಲೇ ಮೊಳೆಯುತ್ತೆ. ಆಮೇಲೆ ಕೋಲಲ್ಲಿ ಬಡಿದು, ಮೊರದಲ್ಲಿ ಕೇರಿ, ಗಾಳಿಗೆ ತೂರಿ. ಜೊಳ್ಳು ಹಾರಿ ಹೋಗುತ್ತೆ. ಮೂರು ನಾಲ್ಕು ಬಿಸಿಲಾದ ಮೇಲೆ ಒಂದು ಕಾಳು ಹಲ್ಲಲ್ಲಿ ಕಚ್ಚಿ: ಕಟ್ ಅಂತ ಒಡೆದರೆ ಡಬ್ಬಕ್ಕೆ, ಮೆತ್ತಗೆ ಚಪ್ಪಟೆಯಾದ್ರೆ ಇನ್ನೊಂದು ಬಿಸಿಲು.

ಕೊಟ್ಟಿಗೆ_ಹಾಸನ:
ಒಂದು ಎಚ್ಚರಿಕೆ, ಎಲ್ಲರೂ ಓದಿ. ಹೂವಿರೋ ಹಸಿ ಕುಟ್ಟು ಗಿಡವನ್ನ ಹಸುವಿಗೆ ಹೊರೆಗಟ್ಟಲೆ ಹಾಕಬೇಡಿ. ಅದರಲ್ಲಿ ಫ್ಯಾಗೋಪೈರಿನ್ ಅನ್ನೋ ಅಂಶ ಇದೆ. ತಿಂದ ದನ ಬಿಸಿಲಿಗೆ ನಿಂತರೆ ಬಿಳಿ ಚರ್ಮ ಇರೋ ಕಡೆ ಕೆಂಪಾಗಿ ಊದಿ, ತುರಿಸಿ, ಸಿಪ್ಪೆ ಏಳುತ್ತೆ. ಕಪ್ಪು ಬಿಳಿ ಎಚ್‌ಎಫ್ ಹಸುವಿನಲ್ಲಿ ಬಿಳಿ ಮಚ್ಚೆಯ ಜಾಗಕ್ಕೇ ಆಗುತ್ತೆ, ಕಪ್ಪು ಜಾಗಕ್ಕೆ ಏನೂ ಆಗಿರಲ್ಲ. ಹಾಗೆ ಕಂಡ್ರೆ ತಕ್ಷಣ ನೆರಳಿಗೆ ಕಟ್ಟಿ, ಮೇವು ನಿಲ್ಲಿಸಿ, ಪಶುವೈದ್ಯರಿಗೆ ತೋರಿಸಿ. ಬಡಿದು ಉಳಿದ ಕಡ್ಡಿಯೂ ಗೊಬ್ಬರ ಗುಂಡಿಗೇ ಹೋಗಲಿ.

ಬಸ್ಸಾರು_ಪ್ರಿಯೆ:
ಅಯ್ಯೋ, ಹಾಗಾದ್ರೆ ನಾವು ಸೊಪ್ಪು ತಿನ್ನೋ ಹಾಗಿಲ್ವಾ? ಹಿಮಾಲಯದ ಕಡೆ ತಿಂತಾರೆ ಅಂತ ಓದಿದ್ದೆ.

ಸಕಲೇಶಪುರ_ಒಲೆ:
ತಿನ್ನಬಹುದು ಅಕ್ಕ, ಮಿತಿ ಇರಲಿ. ಮೂರು ವಾರದ ಒಳಗಿನ, ಹೂವು ಬರದ ಗಿಡದ ಎಳೆ ಎಲೆ ಮಾತ್ರ. ದಟ್ಟ ಇರೋ ಕಡೆ ಸಸಿ ಕೀಳ್ತೀವಲ್ಲ, ಅದೇ ಸಾಕು. ಬೆರಕೆ ಸೊಪ್ಪಿನ ಬಸ್ಸಾರಿಗೆ ನಾಲ್ಕರಲ್ಲಿ ಒಂದು ಪಾಲು ಹಾಕಿ. ದಂಟು, ಕೀರೆ ಜೊತೆ ಹೊಂದುತ್ತೆ, ಸ್ವಲ್ಪ ಹುಳಿ ಇರೋದ್ರಿಂದ ಹುಣಸೆ ಕಮ್ಮಿ ಮಾಡಿ. ದಿನಾ ಬೇಡ. ಹಸಿ ಸೊಪ್ಪು ರುಬ್ಬಿ ಜ್ಯೂಸ್ ಕುಡಿಯೋದಂತೂ ಬೇಡವೇ ಬೇಡ.

ಆಲೂರು_ಹಿತ್ತಲು:
ಈಗ ಸಿಪ್ಪೆ ವಿಷಯ ಹೇಳಿ. ಅಕ್ಕಿ ಮಿಲ್‌ಗೆ 4 ಕಿಲೋ ತಗೊಂಡು ಹೋದ್ರೆ ಮಾಡಿಕೊಡ್ತಾರಾ?

ಕಣಜ:
ಭತ್ತದ ರೋಲರಿಗೆ ಹಾಕಿದ್ರೆ ಅರ್ಧ ಪುಡಿ, ಅರ್ಧ ಹಾಗೇ ಬರುತ್ತೆ. ಅದೂ ಅಲ್ದೆ 4 ಕಿಲೋಗೆ ಮಿಲ್ಲು ತಿರುಗಿಸಲ್ಲ.

ಬೇಕಾಗಿರೋದು ಹಿಟ್ಟು ಆದ್ರೆ ಸಿಪ್ಪೆ ತೆಗೆಯೋ ಕಷ್ಟವೇ ಬೇಡ. ಸಿಪ್ಪೆ ಸಮೇತ ಬೀಸೋ ಕಲ್ಲಲ್ಲಿ ತರಿಯಾಗಿ ಒಡೆದು ಜರಡಿ ಹಿಡಿಯಿರಿ. ಸಿಪ್ಪೆ ಗಡುಸು, ದೊಡ್ಡ ಚೂರಾಗಿ ಮೇಲೆ ನಿಲ್ಲುತ್ತೆ. ಒಳಗಿನದು ಮೆತ್ತಗೆ, ಪುಡಿಯಾಗಿ ಇಳಿಯುತ್ತೆ. ಇಳಿದದ್ದನ್ನ ಮತ್ತೊಮ್ಮೆ ನುಣ್ಣಗೆ ಬೀಸಿ ಸಣ್ಣ ಜರಡಿ ಹಿಡಿಯಿರಿ. ಕಪ್ಪು ಚುಕ್ಕೆ ಅಲ್ಲೊಂದು ಇಲ್ಲೊಂದು ಇದ್ರೆ ಪರವಾಗಿಲ್ಲ. ಮಿಕ್ಸಿಯಲ್ಲಾದ್ರೆ ಸಲಕ್ಕೆ 100 ಗ್ರಾಂ, ಒಂದೊಂದೇ ಸೆಕೆಂಡಿನ ಹಾಗೆ ಐದಾರು ಸಲ ತಿರುಗಿಸಿ ಜರಡಿ. ಒಂದೇ ಸಮ ಓಡಿಸಿದ್ರೆ ಸಿಪ್ಪೆಯೂ ಪುಡಿಯಾಗಿ ಬೆರೆತು ರೊಟ್ಟಿ ಬಾಯಲ್ಲಿ ಕರಕರ ಅನ್ನುತ್ತೆ.

ಇಡೀ ಕಾಳು, ಅಂದ್ರೆ ಕುಟ್ಟಿನ ಅಕ್ಕಿ ಬೇಕು ಅಂದ್ರೆ ಕೆಲಸ ಇದೆ. ಮೊದಲು ಎರಡು ಜರಡಿಯಲ್ಲಿ ದಪ್ಪ, ನಡು, ಸಣ್ಣ ಅಂತ ಬೇರ್ಪಡಿಸಬೇಕು. ಬೀಸೋ ಕಲ್ಲಿನ ಗೂಟಕ್ಕೆ ಹಳೇ ಸೈಕಲ್ ಟ್ಯೂಬಿನ ಬಳೆ ಕತ್ತರಿಸಿ ಹಾಕಿದ್ರೆ ಮೇಲಿನ ಕಲ್ಲು ಒಂದಿಷ್ಟು ಎತ್ತಿಕೊಳ್ಳುತ್ತೆ. ಒಂದು ಬಳೆ ಸಾಲದಿದ್ರೆ ಎರಡು. ಕಾಳಿನ ಗಾತ್ರಕ್ಕಿಂತ ಸಂದು ಕೂದಲೆಳೆ ಕಮ್ಮಿ ಇರಬೇಕು. ಆಗ ಕಲ್ಲು ಮೂರು ಏಣನ್ನ ಮಾತ್ರ ಒತ್ತುತ್ತೆ, ಸಿಪ್ಪೆ ಏಣಿನ ಗುಂಟ ಮೂರು ಎಸಳಾಗಿ ಬಿಚ್ಚಿ ಒಳಗಿನ ಕಾಳು ಇಡಿಯಾಗಿ ಹೊರಬೀಳುತ್ತೆ. ಗಾತ್ರ ಬೇರ್ಪಡಿಸದೆ ಹಾಕಿದ್ರೆ ದಪ್ಪದ್ದು ನುಚ್ಚು, ಸಣ್ಣದು ಹಾಗೇ.

ಸಕಲೇಶಪುರ_ಒಲೆ:
ಇದಕ್ಕಿಂತ ಸುಲಭದ ದಾರಿ ಇದೆ. ನಾವು ಕುಸುಬಲಕ್ಕಿಗೆ ಭತ್ತ ಬೇಯಿಸಲ್ವಾ, ಅದೇ ಉಪಾಯ. ಜಪಾನಿನ ಬೆಟ್ಟದ ಊರುಗಳಲ್ಲೂ ಕುಟ್ಟಿಗೆ ಹೀಗೇ ಮಾಡ್ತಾರೆ. 1 ಕಿಲೋ ಸಿಪ್ಪೆ ಕಾಳಿಗೆ 3 ಲೀಟರ್ ನೀರು, 2 ಚಮಚ ಉಪ್ಪು. ನೀರು ಕುದಿ ಬಂದ ಮೇಲೆ ಕಾಳು ಹಾಕಿ. ಕಾಳು ಊದಿ ಏಣಿನ ಹತ್ತಿರ ಸಿಪ್ಪೆ ಬಿರುಕು ಬಿಡ್ತಿದ್ದ ಹಾಗೆ ಇಳಿಸಿ, ಬುಟ್ಟಿಗೆ ಬಸಿದು, ಚಾಪೆ ಮೇಲೆ ತೆಳ್ಳಗೆ ಹರವಿ. ಎರಡು ಮೂರು ದಿನ ಒಣಗಿಸಿ, ಒರಳಲ್ಲಿ ಒನಕೆಯಿಂದ ಹಗುರಾಗಿ ಕುಟ್ಟಿ ಕೇರಿದ್ರೆ ಸಿಪ್ಪೆ ಹೋಗುತ್ತೆ. ಅರ್ಧ ಬೆಂದಿರೋದ್ರಿಂದ ನುಚ್ಚೂ ಕಮ್ಮಿ. ಅಡುಗೆಗೂ ಬೇಗ ಬೇಯುತ್ತೆ.

ಕಣಜ:
ಒಪ್ಪಿದೆ, ಆದ್ರೆ ಆ ಕಾಳು ಮೊಳಕೆಗೂ ಬರಲ್ಲ, ದೋಸೆಗೂ ಅಷ್ಟು ಚೆನ್ನಾಗಿ ಹುಳಿಯಲ್ಲ. ಉಪ್ಪಿಟ್ಟು, ಗಂಜಿ, ಪಾಯಸಕ್ಕೆ ಅದು, ದೋಸೆಗೆ ಹಸಿ ಕಾಳು. ಬೀಜಕ್ಕೆ ಇಟ್ಟುಕೊಳ್ಳೋದನ್ನ ಬೇಯಿಸೋ ಮುಂಚೆಯೇ ತೆಗೆದಿಡಿ.

ಅರಸೀಕೆರೆ_ತೆಂಗು:
ಸಿಪ್ಪೆ ಬಿಸಾಡಬೇಡಿ. ತೊಳೆದು ಒಣಗಿಸಿ ತಲೆದಿಂಬಿಗೆ ತುಂಬಬಹುದು, ಹತ್ತಿ ತರ ಗಂಟು ಕಟ್ಟಲ್ಲ. ಉಳಿದಿದ್ದು ಮಲ್ಲಿಗೆ ಗಿಡದ ಬುಡಕ್ಕೆ.

ಬಸ್ಸಾರು_ಪ್ರಿಯೆ:
ರೊಟ್ಟಿ ತಟ್ಟುವಾಗ ಅಂಚೆಲ್ಲ ಒಡೆಯುತ್ತೆ. ತಣ್ಣೀರು, ಉಗುರುಬೆಚ್ಚಗಿನ ನೀರು ಎರಡೂ ನೋಡಿದ್ದಾಯ್ತು.

ಸಕಲೇಶಪುರ_ಒಲೆ:
ಗೋಧಿಯಲ್ಲಿರೋ ಜಿಗುಟು, ಗ್ಲುಟನ್, ಇದರಲ್ಲಿ ಇಲ್ಲ. ಹಾಗಾಗಿ ಚಪಾತಿ ತರ ನಾದಿ ಉಪಯೋಗ ಇಲ್ಲ, ನಮ್ಮ ಉಕ್ಕರಿಸಿದ ಅಕ್ಕಿ ರೊಟ್ಟಿ ಕ್ರಮವೇ ಬೇಕು. 1 ಲೋಟ ಹಿಟ್ಟಿಗೆ ಮುಕ್ಕಾಲು ಲೋಟ ನೀರು, ಉಪ್ಪು, ಅರ್ಧ ಚಮಚ ತುಪ್ಪ. ನೀರು ಕೊತಕೊತ ಕುದೀತಿರುವಾಗ ಹಿಟ್ಟು ಸುರಿದು, ಉರಿ ಸಣ್ಣ ಮಾಡಿ, ಸೌಟಿನ ಹಿಡಿಯಿಂದ ನಡುವೆ ತೂತು ಮಾಡಿ 2 ನಿಮಿಷ ಮುಚ್ಚಿ. ಇಳಿಸಿ 5 ನಿಮಿಷ ಬಿಟ್ಟು, ಕೈಗೆ ನೀರು ಸವರಿಕೊಂಡು ಬಿಸಿ ಇರುವಾಗಲೇ ನಾದಿ. ತಣ್ಣಗಾದ ಮೇಲೆ ನಾದಿದ್ರೆ ಮತ್ತೆ ಬಿರುಕೇ. ಬಾಳೆಲೆ ಮೇಲೆ ತಟ್ಟಿ ಕಾದ ಹೆಂಚಿಗೆ ಹಾಕಿ.

ಇನ್ನೊಂದು ಉಪಾಯ, ಹಾಸನಕ್ಕೆ ಹೇಳಿ ಮಾಡಿಸಿದ್ದು: ಆಲೂಗಡ್ಡೆ. ಉತ್ತರದ ಕಡೆ ವ್ರತದ ಪೂರಿಗೆ ಇದನ್ನೇ ಮಾಡ್ತಾರೆ. 1 ಲೋಟ ಹಿಟ್ಟಿಗೆ ಒಂದು ನಡುಗಾತ್ರದ ಬೇಯಿಸಿದ ಗಡ್ಡೆ, ಬಿಸಿ ಇರುವಾಗಲೇ ಗಂಟಿಲ್ಲದ ಹಾಗೆ ಹಿಸುಕಿ ಹಿಟ್ಟಿಗೆ ಸೇರಿಸಿ. ನೀರು ಬೇಕೆನಿಸಿದ್ರೆ ಚಮಚದ ಲೆಕ್ಕದಲ್ಲಿ ಮಾತ್ರ. ಗಡ್ಡೆಯ ಅಂಟೇ ಹಿಡಿದುಕೊಳ್ಳುತ್ತೆ. ಹಸಿಮೆಣಸು, ಜೀರಿಗೆ, ಸಬ್ಬಸಿಗೆ ಸೊಪ್ಪು ಹಾಕಿ ತಟ್ಟಿ. ಡಿಸೆಂಬರ್ ಕೊಯ್ಲು ಅಂದ್ರೆ ಸೊಗಡವರೆ ಕಾಲ. ಹಿತಕಿದ ಅವರೆಬೇಳೆ ಸಾರಿನ ಜೊತೆ ಈ ರೊಟ್ಟಿ ಬಹಳ ಚೆನ್ನಾಗಿ ಹೋಗುತ್ತೆ.

ಹೊಸಬ_ಕಡೂರು:
ಮುದ್ದೆ ಆಗುತ್ತಾ?

ಸಕಲೇಶಪುರ_ಒಲೆ:
ಬರೀ ಕುಟ್ಟಿಂದು ರಬ್ಬರ್ ತರ ಎಳೆಯುತ್ತೆ, ಗಂಟಲಲ್ಲಿ ಜಾರಲ್ಲ. ಮೂರು ಪಾಲು ರಾಗಿ, ಒಂದು ಪಾಲು ಕುಟ್ಟು ಆದ್ರೆ ಸರಿ. ನೀರು ಎಂದಿನ ಅಳತೆಗಿಂತ ಕಾಲು ಲೋಟ ಹೆಚ್ಚು.

ದೋಸೆಗೆ: ಸಿಪ್ಪೆ ತೆಗೆದ ಹಸಿ ಕಾಳು 2 ಲೋಟ, ದೋಸೆ ಅಕ್ಕಿ 1, ಉದ್ದು ಅರ್ಧ, ಮೆಂತ್ಯ ಅರ್ಧ ಚಮಚ. ಅಕ್ಕಿ ಉದ್ದು 4 ಗಂಟೆ ನೆನೆಯಲಿ, ಕುಟ್ಟಿಗೆ ಒಂದೇ ಗಂಟೆ ಸಾಕು. ಜಾಸ್ತಿ ನೆನೆಸಿದ್ರೆ ಬಸಳೆ ಸೊಪ್ಪಿನ ಲೋಳೆ ತರ ಆಗುತ್ತೆ. ಅದು ಕೆಟ್ಟಿದ್ದಲ್ಲ, ಕಾಳಿನ ಗುಣ. ಒಂದು ನೀರಲ್ಲಿ ತೊಳೆದು, ಉಳಿದ ಲೋಳೆ ಹಾಗೇ ಇರಲಿ, ಹಿಟ್ಟನ್ನ ಹಿಡಿದುಕೊಳ್ಳೋದು ಅದೇ. ಚಳಿಗಾಲದಲ್ಲಿ ಹುಳಿಯೋಕೆ 12 ಗಂಟೆ ಬೇಕು, ಒಲೆ ಪಕ್ಕ ಇಡಿ. ಹೆಂಚು ಹದ ಕಾದಿರಲಿ, ತುಂಬ ಕಾದ್ರೆ ಹಿಟ್ಟು ಸೌಟಿಗೇ ಸುತ್ತಿಕೊಳ್ಳುತ್ತೆ.

ಗಿರಿಯಂಚು_ಚಿಕ್ಕಮಗಳೂರು:
ಉಪ್ಪಿಟ್ಟು ಮುದ್ದೆ ಆಗದೇ ಇರೋಕೆ: ಕಾಳು ತೊಳೆದು, ಬಟ್ಟೆ ಮೇಲೆ ಒಣಗಿಸಿ, ಎಣ್ಣೆ ಇಲ್ಲದೆ 5 ನಿಮಿಷ ಹುರೀರಿ, ಗೇರುಬೀಜ ಹುರಿದ ಹಾಗೆ ವಾಸನೆ ಬರಬೇಕು. 1 ಲೋಟಕ್ಕೆ ಒಂದೂವರೆ ಲೋಟ ಕುದಿನೀರು, ಎರಡು ಲೋಟ ಬೇಡ. ಮುಚ್ಚಿ 12 ನಿಮಿಷ ಸಣ್ಣ ಉರಿ. ಮಧ್ಯೆ ಕೈಯಾಡಿಸಿದ್ರೆ ಪಿಷ್ಟ ಹೊರಬಂದು ಅಂಟಾಗುತ್ತೆ.

ಮಿಲ್ಲೆಟ್_ಮನೆ:
ಡಯಾಬಿಟಿಸ್ ಇರೋರಿಗೆ ಇದು ವಾಸಿ ಮಾಡೋ ಧಾನ್ಯ, ಎಷ್ಟು ಬೇಕಾದ್ರೂ ತಿನ್ನಬಹುದು.

ಕಣಜ:
ದಯವಿಟ್ಟು ಹಾಗೆ ಬರೀಬೇಡಿ, ಯಾರಾದ್ರೂ ನಂಬ್ತಾರೆ. 100 ಗ್ರಾಂ ಕಾಳಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್, ಅದರಲ್ಲಿ ಹೆಚ್ಚಿನದು ಪಿಷ್ಟವೇ. ಪ್ರೋಟೀನ್ 13 ಗ್ರಾಂ, ಅದೂ ಲೈಸಿನ್ ಅನ್ನೋ ಅಮೈನೋ ಆಮ್ಲ ಚೆನ್ನಾಗಿರೋ ಪ್ರೋಟೀನ್, ಅದು ಇದರ ಹೆಚ್ಚುಗಾರಿಕೆ. ಅನ್ನದ ಜಾಗಕ್ಕೆ ಅಳತೆಯಲ್ಲಿ ತಿನ್ನಿ, ಮಾತ್ರೆ ಬಿಡಬೇಡಿ.

ಕೊಟ್ಟಿಗೆ_ಹಾಸನ:
ಕುಟ್ಟಿಗೆ ಅಲರ್ಜಿ ಇರೋರೂ ಇದಾರೆ, ಕೆಲವರಿಗೆ ಜೋರಾಗಿ ಬರುತ್ತೆ. ಮೊದಲ ಸಲ ಅರ್ಧ ದೋಸೆ ತಿಂದು ಒಂದು ದಿನ ನೋಡಿ. ತುಟಿ ಊದಿದ್ರೆ, ಉಸಿರು ಬಿಗಿದ್ರೆ ತಕ್ಷಣ ಆಸ್ಪತ್ರೆ.

ಬಸ್ಸಾರು_ಪ್ರಿಯೆ:
ಏಕಾದಶಿಗೆ ನಡೆಯುತ್ತಾ?

ಅರಸೀಕೆರೆ_ತೆಂಗು:
ಉತ್ತರದಲ್ಲಿ ಇದನ್ನ ಧಾನ್ಯ ಅಂತ ಎಣಿಸಲ್ಲ, ನವರಾತ್ರಿ ಉಪವಾಸಕ್ಕೆ ತಿಂತಾರೆ. ನಮ್ಮಲ್ಲಿ ಮನೆ ಹಿರಿಯರನ್ನ ಕೇಳಿಕೊಳ್ಳಿ. ಆ ಸಮಯದಲ್ಲಿ ಅಲ್ಲಿ ಹಳೇ ಹಿಟ್ಟು ತಿಂದು ಜನ ಆಸ್ಪತ್ರೆ ಸೇರೋದು ಆಗಾಗ ಸುದ್ದಿಯಾಗುತ್ತೆ. ಕುಟ್ಟು ಹಿಟ್ಟಲ್ಲಿ ಕೊಬ್ಬಿನ ಅಂಶ ಇರೋದ್ರಿಂದ ಬೇಗ ಕಮಟು ಹಿಡಿಯುತ್ತೆ. ಕಾಳಾಗಿ ಇಟ್ಕೊಂಡು ಬೇಕಾದಷ್ಟೇ ಬೀಸಿ. ಹಿಟ್ಟು ಹೊರಗೆ ಎರಡು ವಾರ, ಫ್ರಿಜ್‌ನಲ್ಲಿ ಎರಡು ತಿಂಗಳು. ಮೂಸಿದ್ರೆ ಹಳೇ ಎಣ್ಣೆ ವಾಸನೆ ಬಂದ್ರೆ ಗೊಬ್ಬರಕ್ಕೆ ಹಾಕಿ.

ಗ್ಲುಟನ್ ಆಗದವರ ಮನೆಗೆ ಅಂದ್ರೆ ಹಿಟ್ಟಿನ ಗಿರಣಿ ಬೇಡ. ಹಿಂದೆ ಬೀಸಿದ ಗೋಧಿ ಕಲ್ಲಲ್ಲಿ ಉಳಿದಿರುತ್ತೆ.

ಆಲೂರು_ಹಿತ್ತಲು:
ಎಲ್ಲರಿಗೂ ಧನ್ಯವಾದ. ಚಿತ್ತೆಗೆ ಬಿತ್ತೋದು ಅಂತ ತೀರ್ಮಾನ. ಈಗ ನಿಂತಿರೋ ಗಿಡ ಏನು ಮಾಡಲಿ? ಹಸುವಿಗೂ ಹಾಕೋ ಹಾಗಿಲ್ಲ ಅಂದ್ರಿ.

ಬೇಲೂರು_ಮಡಿ:
ಈ ವಾರವೇ ಕೊಯ್ದು ಅಲ್ಲೇ ತುಂಡು ಮಾಡಿ ಹಾಸಿ, ಎರಡು ದಿನ ಬಾಡಿದ ಮೇಲೆ ಗುದ್ದಲಿಯಲ್ಲಿ ಮೇಲ್ಮಣ್ಣಿಗೆ ತಿರುವಿ. ಕಾಂಡ ರಸ ತುಂಬಿದ್ದು, ಮೂರು ವಾರಕ್ಕೆ ಕರಗುತ್ತೆ. ಮುಂಗಾರಿಗೆ ಅದೇ ಮಡಿಗೆ ಆಲೂಗಡ್ಡೆಯೋ ಬೀನ್ಸೋ ಹಾಕಿ, ಕೋಳಿ ಗೊಬ್ಬರದ ಬಿಸಿ ಅದು ತಿಂದು ಮುಗಿಸಲಿ. ಸೆಪ್ಟೆಂಬರ್‌ಗೆ ಖಾಲಿಯಾಗುತ್ತೆ, ಕುಟ್ಟಿಗೆ ಹದವಾದ ನೆಲ ಸಿಗುತ್ತೆ. ಉದುರಿದ ಗಟ್ಟಿ ಕಾಳು ಜೂನ್ ಮಳೆಗೆ ಮೊಳೆತರೆ ಕಿತ್ತು ಬಸ್ಸಾರಿಗೆ ಹಾಕಿ.

ಜೇನುಗೂಡು_ಮೂಡಿಗೆರೆ:
ಪೆಟ್ಟಿಗೆ ಇಡೋದಾದ್ರೆ ಮಡಿಯಿಂದ 20-30 ಅಡಿ ದೂರ, ಬಾಗಿಲು ಪೂರ್ವಕ್ಕೆ, ಕಾಲಿಗೆ ನೀರಿನ ಬಟ್ಟಲು. ಹೂವು ಶುರುವಾದ ಮೇಲೆ ಯಾವ ಔಷಧಿಯನ್ನೂ ಸಿಂಪಡಿಸಬೇಡಿ, ಬೇವಿನೆಣ್ಣೆಯನ್ನೂ ಬೆಳಗ್ಗೆ ಬೇಡ. ಹೇನು ಕಂಡ್ರೆ ಸಂಜೆ ಹೊತ್ತು ಬರೀ ನೀರು ರಭಸವಾಗಿ ಹೊಡೆದು ತೊಳೆಯಿರಿ.

ಕಾಫಿ_ಸಾಲು:
ಹಕ್ಕಿ ಕಾಟ?

ಬೇಲೂರು_ಮಡಿ:
ಗಿಣಿ, ರಾಟವಾಳ ಎರಡೂ ಬರುತ್ತೆ, ಕೆಳಗಿನ ಕಾಳು ಕಪ್ಪಾಗೋಕೆ ಶುರುವಾದ ಮೇಲೆ. ಆ ಕೊನೇ ಮೂರು ವಾರಕ್ಕೆ ಹಳೇ ಸೊಳ್ಳೆ ಪರದೆ ಹೊದಿಸಿದ್ರೆ ಸಾಕು. ಅದಕ್ಕೂ ಮುಂಚೆ ಹೊದಿಸಬೇಡಿ, ಜೇನು ಒಳಗೆ ಬರಲ್ಲ.